ಕಂದಕದೊಳಗಿನ ಮನೆ: ಹೀವರ್ ಕೋಟೆ, ಅದರ ತೋಟ, ಅದರ ಮಗಳು

ಕೋಟೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬೆಟ್ಟ, ಬತೇರಿ, ಸುತ್ತುಸುತ್ತಿನ ಕಲ್ಲುಗೋಡೆ. ಅಂಥ ಕಲ್ಪನೆ ಇಟ್ಟುಕೊಂಡು ಇಂಗ್ಲೆಂಡಿನ ಹೀವರ್ ಕೋಟೆಗೆ ಹೋದವರಿಗೆ ಮೊದಲ ನೋಟಕ್ಕೆ ‘ಇಷ್ಟೇನಾ?’ ಅನ್ನಿಸಿದರೆ ಆಶ್ಚರ್ಯವಿಲ್ಲ. ಇದು ಬೆಟ್ಟದ ಮೇಲಿಲ್ಲ. ತಗ್ಗಿನ ಬಯಲಿನಲ್ಲಿ, ಈಡನ್ ಎಂಬ ಚಿಕ್ಕ ನದಿಯ ಪಕ್ಕದಲ್ಲಿದೆ. ಗಾತ್ರದಲ್ಲಿ ದೊಡ್ಡದೊಂದು ಮನೆಯಷ್ಟೆ. ನಾಲ್ಕೂ ಕಡೆ ಕಟ್ಟಡ, ನಡುವೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ತೊಟ್ಟಿಮನೆಯನ್ನು ಕಲ್ಲಿನಲ್ಲಿ ಎತ್ತರಕ್ಕೆ ಕಟ್ಟಿ, ಸುತ್ತ ನೀರು ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ.

ಆದರೆ ಈ ಪುಟ್ಟ ಕೋಟೆಯಲ್ಲಿ ಬೆಳೆದ ಒಬ್ಬ ಹುಡುಗಿಯ ದೆಸೆಯಿಂದ ಇಂಗ್ಲೆಂಡಿನ ರಾಜ ರೋಮಿನ ಪೋಪ್ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮುಂದೆ ರಾಣಿಯಾಗಿ, 1600ನೇ ಇಸವಿಯ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಆ ಕಂಪನಿ ನಮ್ಮ ದೇಶದಲ್ಲಿ ಏನೇನು ಮಾಡಿತು ಎಂಬುದು ಶಾಲೆಯ ಪುಸ್ತಕದಲ್ಲಿಯೇ ಇದೆ. ಹೀಗಾಗಿ ಹೀವರ್ ನಮಗೆ ತೀರಾ ಪರಕೀಯ ಜಾಗವೇನೂ ಅಲ್ಲ.

ಲಂಡನ್ನಿನಿಂದ ಆಗ್ನೇಯ ದಿಕ್ಕಿಗೆ ಸುಮಾರು 30 ಮೈಲಿ ದೂರದಲ್ಲಿ, ಕೆಂಟ್ ಎಂಬ ಕೌಂಟಿಯಲ್ಲಿ ಈ ಕೋಟೆ ಇದೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ಮಕ್ಕಳು, ಅವರನ್ನು ನೋಡಲು ಹೋಗುವ ತಂದೆತಾಯಂದಿರು ಒಂದು ದಿನ ಬಿಡುವು ಮಾಡಿಕೊಂಡರೆ ಹೋಗಿ ಬರಬಹುದು. ಹೋಗುವಾಗ ಕ್ಯಾಮೆರಾ ಜೊತೆಗೆ ಒಂದು ಪ್ರಶ್ನೆಯನ್ನೂ ಒಯ್ಯಬೇಕು: ‘ನಾನೀಗ ನೋಡುತ್ತಿರುವುದು ಯಾರ ಕಾಲದ್ದು?’ ಹೀವರಿನಲ್ಲಿ ಈ ಪ್ರಶ್ನೆಗೆ ಪ್ರತಿ ಹತ್ತು ಹೆಜ್ಜೆಗೆ ಬೇರೆ ಬೇರೆ ಉತ್ತರ ಸಿಗುತ್ತದೆ. ಪ್ರಶ್ನೆ ಕೇಳದೆ ತಿರುಗಾಡಿ ಬಂದವರು ಎಲ್ಲವನ್ನೂ ಒಂದೇ ಕಾಲದ್ದೆಂದು ತಿಳಿದು ಮರಳುತ್ತಾರೆ.

ಕಂದಕದ ಕೆಲಸ

ಮೊದಲು ಕಂದಕವನ್ನೇ ನೋಡೋಣ. ನೀರು ತುಂಬಿದ ಈ ಹಳ್ಳ ಇಂದು ಬಲು ಸುಂದರವಾಗಿ ಕಾಣುತ್ತದೆ. ಬಾತುಕೋಳಿಗಳು ತೇಲುತ್ತಿರುತ್ತವೆ, ಗೋಡೆಯನ್ನು ಅಪ್ಪಿದ ಬಳ್ಳಿಯ ನೆರಳು ನೀರಿನಲ್ಲಿ ಬಿದ್ದಿರುತ್ತದೆ. ಅದನ್ನು ತೋಡಿಸಿದವರಿಗೆ ಮಾತ್ರ ಸೌಂದರ್ಯದ ಯೋಚನೆ ಇರಲಿಲ್ಲ.

ಮಧ್ಯಯುಗದಲ್ಲಿ ಕೋಟೆಗೆ ಮುತ್ತಿಗೆ ಹಾಕಿದವರು ಗೋಡೆ ಕೆಡವಲು ಬಳಸುತ್ತಿದ್ದ ದೊಡ್ಡ ಉಪಾಯವೆಂದರೆ ಸುರಂಗ. ಗೋಡೆಯ ಬುಡದವರೆಗೆ ನೆಲದಡಿಯಲ್ಲಿ ಅಗೆದು, ಮರದ ಆಸರೆ ನಿಲ್ಲಿಸಿ, ಕೊನೆಗೆ ಆ ಮರಕ್ಕೆ ಬೆಂಕಿ ಇಡುತ್ತಿದ್ದರು. ಆಸರೆ ಸುಟ್ಟುಹೋದೊಡನೆ ಮೇಲಿನ ಗೋಡೆ ಕುಸಿಯುತ್ತಿತ್ತು. ಸುತ್ತ ನೀರಿದ್ದರೆ ಈ ಆಟ ನಡೆಯದು. ಅಗೆದ ಸುರಂಗಕ್ಕೆ ನೀರೇ ನುಗ್ಗುತ್ತದೆ. ಏಣಿ ಹಾಕಲು ಗೋಡೆಯ ಬುಡದಲ್ಲಿ ನಿಲ್ಲಲು ನೆಲವಿಲ್ಲ. ಗಾಲಿಗಳ ಮೇಲೆ ಉರುಳಿಸಿ ತರುವ ಮರದ ಗೋಪುರಗಳೂ ದಡದಲ್ಲೇ ನಿಲ್ಲಬೇಕು. ಉಳಿದದ್ದು ಒಂದೇ ದಾರಿ, ಹೆಬ್ಬಾಗಿಲು. ಅಲ್ಲಿ ಎತ್ತಿ ಇಳಿಸುವ ಸೇತುವೆ ಇದೆ. ಅದರ ಹಿಂದೆ ಮೇಲಿನಿಂದ ಧಡಾರನೆ ಇಳಿಬಿಡುವ ಜಾಲರಿ ಬಾಗಿಲು. ಗೋಡೆಯಲ್ಲಿ ಬಾಣ ಬಿಡಲು ಸೀಳುಕಿಂಡಿಗಳು.

ಆ ಕಾಲದ ಇಂಗ್ಲೆಂಡಿನಲ್ಲಿ ಮನಸ್ಸು ಬಂದವರೆಲ್ಲ ಕೋಟೆ ಕಟ್ಟುವಂತಿರಲಿಲ್ಲ. ಮನೆಗೆ ಕೊತ್ತಲ ಕಟ್ಟಿ ಭದ್ರಪಡಿಸಿಕೊಳ್ಳಲು ರಾಜನ ಅನುಮತಿ ಪಡೆಯುವುದು ಪದ್ಧತಿ. ಹೀವರಿಗೆ ಅಂಥ ಅನುಮತಿ ಸಿಕ್ಕಿದ್ದು 1383ರಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು, 1381ರಲ್ಲಿ, ಇದೇ ಕೆಂಟ್ ಪ್ರದೇಶದಿಂದ ರೈತರು ದಂಗೆಯೆದ್ದು ಲಂಡನ್ನಿಗೇ ನುಗ್ಗಿದ್ದರು. ಶ್ರೀಮಂತರು ಸುತ್ತ ನೀರು ನಿಲ್ಲಿಸಿಕೊಂಡು ಮಲಗುತ್ತಿದ್ದ ಕಾಲ ಅದು.

ವ್ಯಾಪಾರಿಯ ಮೊಮ್ಮಗ, ರಾಜನ ಮಾವ

1462ರಲ್ಲಿ ಈ ಕೋಟೆಯನ್ನು ಕೊಂಡವನು ಜೆಫ್ರಿ ಬೊಲಿನ್. ಬಟ್ಟೆ ವ್ಯಾಪಾರದಲ್ಲಿ ಹಣ ಮಾಡಿ, ಲಂಡನ್ನಿನ ಲಾರ್ಡ್ ಮೇಯರ್ ಸ್ಥಾನದವರೆಗೆ ಏರಿದವನು. ಅವನ ಮೊಮ್ಮಗ ಥಾಮಸ್ ಬೊಲಿನ್ ಭಾಷೆ ಬಲ್ಲವನು, ರಾಯಭಾರಿ. ಕೋಟೆಯ ಗೋಡೆಗಳ ಒಳಗೆ ವಾಸಕ್ಕೆ ಹಿತವಾದ ಮನೆಯನ್ನು ಬೆಳೆಸಿದ್ದು ಬೊಲಿನ್ ಮನೆತನ. ಮೇಲಂತಸ್ತಿನಲ್ಲಿ ಕಟ್ಟಡದ ಅಗಲಕ್ಕೂ ಚಾಚಿಕೊಂಡಿರುವ ಉದ್ದನೆಯ ಪಡಸಾಲೆ ಥಾಮಸ್‌ನ ಕಾಲದ್ದು.

ಥಾಮಸ್‌ನ ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಮೂವರು: ಮೇರಿ, ಆ್ಯನ್ ಮತ್ತು ಜಾರ್ಜ್. ಅವರಲ್ಲಿ ಆ್ಯನ್ ಬೊಲಿನ್ ಈ ಕಥೆಯ ನಾಯಕಿ. ಅಪ್ಪ ಆಕೆಯನ್ನು 1513ರಲ್ಲಿ, ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ, ಸಮುದ್ರದಾಚೆಗೆ ಕಳಿಸಿದ. ಮೊದಲು ಈಗಿನ ಬೆಲ್ಜಿಯಂನ ಮೆಕೆಲೆನ್ ನಗರದ ಆಸ್ಥಾನ, ಬಳಿಕ ಫ್ರಾನ್ಸಿನ ರಾಣಿಯ ಆಸ್ಥಾನ. ಫ್ರೆಂಚ್ ಭಾಷೆ, ಸಂಗೀತ, ನೃತ್ಯ, ಮಾತಿನ ಚಾತುರ್ಯ ಎಲ್ಲವನ್ನೂ ಕಲಿತು ಸುಮಾರು ಎಂಟು ವರ್ಷದ ಮೇಲೆ ಮರಳಿದಳು. ಮಗಳ ಓದಿಗೆಂದು ಸಾಲಸೋಲ ಮಾಡಿ ಪರದೇಶಕ್ಕೆ ಕಳಿಸುವ ಇಂದಿನ ಅಪ್ಪಂದಿರಿಗೆ ಥಾಮಸ್‌ನ ಲೆಕ್ಕಾಚಾರ ಅರ್ಥವಾಗುತ್ತದೆ. ಮಕ್ಕಳು ತನಗಿಂತ ಮೇಲಕ್ಕೆ ಏರಬೇಕು ಎಂಬುದು ಅವನ ಆಸೆ. ಎಷ್ಟು ಮೇಲಕ್ಕೆ ಏರಿದರೆ ಕ್ಷೇಮ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು.

ರಾಜ ಎಂಟನೇ ಹೆನ್ರಿಗೆ ಆಗ ಮದುವೆಯಾಗಿ ಬಹಳ ವರ್ಷವಾಗಿತ್ತು. ರಾಣಿ ಕ್ಯಾಥರೀನಳಿಗೆ ಬದುಕಿ ಉಳಿದದ್ದು ಒಬ್ಬಳೇ ಮಗಳು. ರಾಜನಿಗೆ ಗಂಡು ಮಗು ಬೇಕಾಗಿತ್ತು. ಆ್ಯನ್ ಅವನ ಕಣ್ಣಿಗೆ ಬಿದ್ದಳು. ರಾಜ ಆಕೆಗೆ ಬರೆದ 17 ಪ್ರೇಮಪತ್ರಗಳು ಇಂದಿಗೂ ಉಳಿದಿವೆ. ಅವು ಇರುವುದು ರೋಮಿನ ವ್ಯಾಟಿಕನ್ ಗ್ರಂಥಾಲಯದಲ್ಲಿ, ಅಂದರೆ ಆ ಮದುವೆಗೆ ಒಪ್ಪದ ಪೋಪ್‌ನ ಮನೆಯಲ್ಲಿಯೇ! 1528ರಲ್ಲಿ ‘ಬೆವರು ಕಾಯಿಲೆ’ ಎಂಬ ಮಾರಕ ಸಾಂಕ್ರಾಮಿಕ ಹರಡಿದಾಗ ಆ್ಯನ್ ಹೀವರಿನಲ್ಲಿಯೇ ಮಲಗಿದಳು. ರಾಜ ತನ್ನ ವೈದ್ಯರೊಬ್ಬರನ್ನು ಇಲ್ಲಿಗೆ ಕಳಿಸಿದ. ಆಕೆ ಬದುಕಿಕೊಂಡಳು.

ಪೋಪ್ ವಿಚ್ಛೇದನಕ್ಕೆ ಒಪ್ಪಲಿಲ್ಲ. 1533ರ ಜನವರಿಯಲ್ಲಿ ಹೆನ್ರಿ ಗುಟ್ಟಾಗಿ ಆ್ಯನ್‌ಳನ್ನು ಮದುವೆಯಾದ. ಮರುವರ್ಷ ಕಾನೂನು ತಂದು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ. 1533ರ ಜೂನ್ 1ರಂದು ಆ್ಯನ್‌ಳ ತಲೆಗೆ ಕಿರೀಟ ಬಂತು. ಸೆಪ್ಟೆಂಬರ್ 7ರಂದು ಮಗು ಹುಟ್ಟಿತು. ಗಂಡಲ್ಲ, ಹೆಣ್ಣು. ಹೆಸರು ಎಲಿಜಬೆತ್.

ಮೂರು ವರ್ಷ ತುಂಬುವಷ್ಟರಲ್ಲಿ ಎಲ್ಲ ಮುಗಿಯಿತು. 1536ರ ಮೇ 2ರಂದು ರಾಣಿಯನ್ನು ಬಂಧಿಸಿದರು. ವ್ಯಭಿಚಾರ, ರಾಜದ್ರೋಹ, ಸ್ವಂತ ತಮ್ಮನ ಜೊತೆಗೇ ಸಂಬಂಧ ಎಂಬ ಆರೋಪಗಳು. ಇವೆಲ್ಲ ಕಟ್ಟಿದ ಆರೋಪಗಳೆಂದೇ ಇಂದಿನ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಮೇ 17ರಂದು ಜಾರ್ಜ್‌ನ ತಲೆ ಹೋಯಿತು. 19ರಂದು ಲಂಡನ್ ಟವರ್‌ನಲ್ಲಿ ಆ್ಯನ್‌ಳ ತಲೆ ಹೋಯಿತು. ಹನ್ನೊಂದೇ ದಿನಕ್ಕೆ ರಾಜ ಇನ್ನೊಬ್ಬಳನ್ನು ಮದುವೆಯಾದ. ಎಲಿಜಬೆತ್‌ಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ.

ಕಂದಕದ ದಡದಲ್ಲಿ ನಿಂತು ಯೋಚಿಸಬೇಕಾದ ವಿಷಯ ಇದು. ನೀರು, ಸೇತುವೆ, ಜಾಲರಿ ಬಾಗಿಲು ಇವೆಲ್ಲ ಶತ್ರುವನ್ನು ತಡೆಯಲು ಮಾಡಿದ ಏರ್ಪಾಡು. ಅಳಿಯನಾಗಿ ಬರುವ ರಾಜನಿಗೆ ಸೇತುವೆ ಎತ್ತುವವರು ಯಾರು? ಕೋಟೆಯ ಊಟದ ಹಜಾರದ ಬಾಗಿಲಿನಲ್ಲಿ ಒಂದು ಭಾರಿ ಬೀಗವಿದೆ. ಹೆನ್ರಿ ಹೋದಲ್ಲೆಲ್ಲ ತನ್ನ ಬೀಗವನ್ನು ಒಯ್ದು, ತಂಗುವ ಮನೆಯ ಬಾಗಿಲಿಗೆ ಹಾಕಿಸುತ್ತಿದ್ದ. ಅಂಥ ಬೀಗ ಇದು ಎನ್ನುತ್ತಾರೆ. ಎಲ್ಲರೂ ಯಾರಿಗೆ ಹೆದರುತ್ತಿದ್ದರೋ ಆ ರಾಜನಿಗೂ ಭಯ ತಪ್ಪಿರಲಿಲ್ಲ.

ಮಗಳನ್ನೂ ಮಗನನ್ನೂ ಕಳೆದುಕೊಂಡ ಥಾಮಸ್ ಬೊಲಿನ್ 1539ರಲ್ಲಿ ತೀರಿಕೊಂಡ. ಕೋಟೆಯ ಹೊರಗಿನ ಸೇಂಟ್ ಪೀಟರ್ ಚರ್ಚಿನಲ್ಲಿ ಅವನ ಗೋರಿಯಿದೆ. ಕಲ್ಲಿನ ಮೇಲೆ ಹಿತ್ತಾಳೆಯಲ್ಲಿ ಕೊರೆದ ಅವನ ಆಕೃತಿ ಗಾರ್ಟರ್ ಪದವಿಯ ಪೂರ್ಣ ಉಡುಪಿನಲ್ಲಿದೆ. ಕೋಟೆ ನೋಡುವ ಅವಸರದಲ್ಲಿ ಇದನ್ನು ಬಿಡಬಾರದು.

ಮುಂದಿನ ಸಂಗತಿ ಇನ್ನೂ ವಿಚಿತ್ರ. ಕೋಟೆ ರಾಜನ ವಶಕ್ಕೆ ಬಂತು. 1540ರಲ್ಲಿ ಹೆನ್ರಿ ಜರ್ಮನಿಯ ಕ್ಲೀವ್ಸ್‌ನ ಆ್ಯನ್ ಎಂಬಾಕೆಯನ್ನು ನಾಲ್ಕನೆಯ ಹೆಂಡತಿಯಾಗಿ ತಂದು, ಆರೇ ತಿಂಗಳಲ್ಲಿ ಮದುವೆ ರದ್ದು ಮಾಡಿಸಿದ. ಆಕೆ ತಕರಾರು ಮಾಡದೆ ಒಪ್ಪಿಕೊಂಡಳು. ಅದಕ್ಕೆ ಪ್ರತಿಯಾಗಿ ಸಿಕ್ಕ ಆಸ್ತಿಗಳಲ್ಲಿ ಹೀವರ್ ಒಂದು. ತಲೆ ಕಳೆದುಕೊಂಡ ಹೆಂಡತಿಯ ತವರುಮನೆ, ತಲೆ ಉಳಿಸಿಕೊಂಡ ಹೆಂಡತಿಗೆ ಜೀವನಾಂಶ! ಈಕೆ ಹೆನ್ರಿ ಸತ್ತ ಮೇಲೂ ಹತ್ತು ವರ್ಷ ಬದುಕಿದ್ದು 1557ರಲ್ಲಿ ತೀರಿಕೊಂಡಳು.

ಅಳಿಸಿದ ಹೆಸರುಗಳು

ಕೋಟೆಯೊಳಗೆ ಆ್ಯನ್‌ಗೆ ಸೇರಿದ್ದ ವಸ್ತುಗಳು ಬಹಳ ಇರಬಹುದೆಂದು ನಾವು ನಿರೀಕ್ಷಿಸುತ್ತೇವೆ. ಇರುವುದು ಬಹಳ ಕಡಿಮೆ. ರಾಜದ್ರೋಹಿ ಎನಿಸಿಕೊಂಡವಳ ಗುರುತನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪಾಯವಾಗಿತ್ತು. ಇರುವುದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಆಕೆಯ ಎರಡು ಪ್ರಾರ್ಥನಾ ಪುಸ್ತಕಗಳು. ಒಂದು ಕೈಬರಹದ್ದು, ಬಣ್ಣದ ಚಿತ್ರಗಳುಳ್ಳದ್ದು. ಇನ್ನೊಂದು ಸುಮಾರು 1527ರಲ್ಲಿ ಅಚ್ಚಾದದ್ದು. ಎರಡರಲ್ಲೂ ಆ್ಯನ್ ತನ್ನ ಕೈಯಾರೆ ಬರೆದ ಸಾಲುಗಳಿವೆ, ಸಹಿಯಿದೆ. ಕೈಬರಹದ ಪುಸ್ತಕದಲ್ಲಿ, ಕಾಲ ಬಂದೇ ಬರುತ್ತದೆ ಎಂಬರ್ಥದ ಫ್ರೆಂಚ್ ಮಾತನ್ನು ಬರೆದು ಕೆಳಗೆ ಹೆಸರು ಹಾಕಿದ್ದಾಳೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಘಟನೆ ಈ ಅಚ್ಚಿನ ಪುಸ್ತಕಕ್ಕೆ ಸಂಬಂಧಿಸಿದೆ. ಕೆಂಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಕೇಟ್ ಮೆಕ್ಯಾಫ್ರಿ ಎಂಬ ಯುವತಿ ಇದರ ಪುಟಗಳನ್ನು ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸಿದರು. ಬರಿಗಣ್ಣಿಗೆ ಕಾಣದಂತೆ ಅಳಿಸಿಹಾಕಿದ್ದ ಬರಹ ಆ ಬೆಳಕಿನಲ್ಲಿ ಮೂಡಿತು. ಗೇಜ್, ವೆಸ್ಟ್, ಶರ್ಲಿ ಎಂಬ ಮನೆತನಗಳ ಹೆಸರುಗಳು. ಆ್ಯನ್ ಸತ್ತ ಮೇಲೆ ಈ ಪುಸ್ತಕ ಒಂದು ಬಳಗದ ಹೆಂಗಸರ ಕೈಯಿಂದ ಕೈಗೆ ದಾಟಿ, ಜೋಪಾನವಾಗಿ ಉಳಿದು ಬಂದಿತ್ತು. 2021ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಕಲ್ಲಿನ ಗೋಡೆ, ನೀರಿನ ಕಂದಕ ಉಳಿಸಲಾಗದ ನೆನಪನ್ನು ಕೆಲವು ಹೆಂಗಸರು ಪೆಟ್ಟಿಗೆಯೊಳಗೆ ಉಳಿಸಿದ್ದರು. ಸುಮಾರು 500 ವರ್ಷ ಹಳೆಯ, ಎಷ್ಟೋ ಜನ ನೋಡಿದ ಪುಸ್ತಕದಲ್ಲಿ ಹೊಸದನ್ನು ಕಂಡವರು ಒಬ್ಬ ವಿದ್ಯಾರ್ಥಿನಿ ಎಂಬುದು ನೆನಪಿರಲಿ.

ಅಮೆರಿಕದ ಹಣ, ಇಟಲಿಯ ತೋಟ

ಬೊಲಿನ್ ಕಾಲದ ನಂತರ ಹೀವರ್ ಹಲವು ಕೈ ಬದಲಾಯಿಸಿತು. ಕೊನೆಗೆ ಗುತ್ತಿಗೆ ರೈತರು ವಾಸಿಸುವ ಜೀರ್ಣ ಕಟ್ಟಡವಾಯಿತು. 1903ರಲ್ಲಿ ಅದನ್ನು ಕೊಂಡವನು ನ್ಯೂಯಾರ್ಕಿನಲ್ಲಿ ಹುಟ್ಟಿದ ವಿಲಿಯಂ ವಾಲ್ಡಾರ್ಫ್ ಆಸ್ಟರ್. ಮುತ್ತಜ್ಜ ತುಪ್ಪಳದ ವ್ಯಾಪಾರದಲ್ಲೂ ನ್ಯೂಯಾರ್ಕಿನ ಭೂಮಿಯಲ್ಲೂ ಗಳಿಸಿದ ಆಸ್ತಿ ಅವನ ಪಾಲಿಗೆ ಬಂದಿತ್ತು. 1899ರಲ್ಲಿ ಬ್ರಿಟಿಷ್ ಪ್ರಜೆಯಾಗಿದ್ದ.

ಆಸ್ಟರ್ ಕೋಟೆಯ ಹೊರರೂಪವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿ ಒಳಗನ್ನು ಸಿಂಗರಿಸಿದ. ಒಳಹಜಾರದಲ್ಲಿ ಇಟಲಿಯ ಅಕ್ರೋಟ್ ಮರದ ಕೆತ್ತನೆ ಕಂಡು ‘ಆಹಾ, ಹೆನ್ರಿಯ ಕಾಲದ ಕೆಲಸ!’ ಎನ್ನುವವರು ಬಹಳ. ವಾಸ್ತವದಲ್ಲಿ ಹೆನ್ರಿಯ ಕಾಲದಲ್ಲಿ ಅದು ಅಡಿಗೆಮನೆ. ಕೆತ್ತನೆ 20ನೇ ಶತಮಾನದ್ದು. ಕೋಟೆಯ ಹಿಂಬದಿಯಲ್ಲಿ ಹಳೆಯ ಹಳ್ಳಿಯೊಂದರ ಮನೆಗಳು ಒತ್ತಾಗಿ ನಿಂತಂತೆ ಕಾಣುತ್ತದೆ. ಅದೂ ಆಸ್ಟರ್‌ನ ಸೃಷ್ಟಿ. ಕೋಟೆಯಲ್ಲಿ ಅತಿಥಿಗಳಿಗೆ ಜಾಗ ಸಾಲದೆಂದು, ಸುಮಾರು 100 ಕೋಣೆಗಳ ಒಂದೇ ಕಟ್ಟಡವನ್ನು ಹೊರಗಿನಿಂದ ಬೇರೆ ಬೇರೆ ಮನೆಗಳೆಂದು ತೋರುವಂತೆ ಕಟ್ಟಿಸಿದ. ರಾತ್ರಿ ಅತಿಥಿಗಳು ಅಲ್ಲಿಗೆ ಹೋದ ಮೇಲೆ ಕೋಟೆಯ ಸೇತುವೆಯನ್ನು ಎತ್ತಿಸುತ್ತಿದ್ದನೆಂದು ಹೇಳುತ್ತಾರೆ.

ತೋಟದ ಕೆಲಸ 1904ರಿಂದ 1908ರವರೆಗೆ ನಡೆಯಿತು. ಒಟ್ಟು 125 ಎಕರೆ. ತೋಟದ ಕೊನೆಯಲ್ಲಿರುವ 38 ಎಕರೆಯ ಸರೋವರ ನೋಡಿದರೆ ಅನಾದಿಕಾಲದಿಂದ ಅಲ್ಲಿಯೇ ಇತ್ತು ಅನ್ನಿಸುತ್ತದೆ. 800 ಜನ ಆಳುಗಳು ಎರಡು ವರ್ಷ ಅಗೆದು ಮಾಡಿದ್ದು ಅದು. ಅವರ ಹೆಸರನ್ನು ಯಾವ ಫಲಕವೂ ಹೇಳುವುದಿಲ್ಲ. ಬೆಳೆದು ನಿಂತ ಮರಗಳನ್ನೇ ಕಿತ್ತು, ಕುದುರೆಗಳಿಂದ ಎಳೆಸಿ ತಂದು ನೆಟ್ಟರು. ಕಾಡು ಬೆಳೆಯುವವರೆಗೆ ಕಾಯುವ ತಾಳ್ಮೆ ಆ ಹಣಕ್ಕಿರಲಿಲ್ಲ.

ಕೋಟೆಯ ಹತ್ತಿರದಲ್ಲಿ ಯೂ ಗಿಡಗಳನ್ನು ಕತ್ತರಿಸಿ ಮಾಡಿದ ಚದುರಂಗದ ಕಾಯಿಗಳಿವೆ. ಮಕ್ಕಳಿಗೆ ಅವುಗಳಿಗಿಂತ ಇಷ್ಟವಾಗುವುದು ಪಕ್ಕದ ಚಕ್ರವ್ಯೂಹ. ಸಾವಿರಕ್ಕೂ ಹೆಚ್ಚು ಯೂ ಗಿಡಗಳ ಎತ್ತರದ ಬೇಲಿಗಳ ನಡುವೆ ದಾರಿ ಹುಡುಕಿ ನಡುವನ್ನು ಮುಟ್ಟಬೇಕು. ಯೂ ನಿಧಾನವಾಗಿ ಬೆಳೆಯುವ, ಶತಮಾನಗಟ್ಟಲೆ ಬಾಳುವ, ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುವ ಮರ. ಆದ್ದರಿಂದಲೇ ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು. ಮಧ್ಯಯುಗದ ಇಂಗ್ಲಿಷ್ ಸೈನಿಕರ ಉದ್ದ ಬಿಲ್ಲುಗಳು ಇದೇ ಮರದವು. ಇದರ ಎಲೆ, ಬೀಜ ವಿಷ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಅದೇ ಎಲೆಯಿಂದ ತೆಗೆದ ರಾಸಾಯನಿಕದಿಂದ ಕ್ಯಾನ್ಸರಿಗೆ ಔಷಧವನ್ನೂ ತಯಾರಿಸುತ್ತಾರೆ.

ಇಟಲಿ ಮಾದರಿಯ ತೋಟ ನಾಲ್ಕು ಎಕರೆ. ಆಸ್ಟರ್ 1882ರಿಂದ 1885ರವರೆಗೆ ಇಟಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ. ಆಗ ಕೂಡಿಹಾಕಿದ ಪ್ರಾಚೀನ ಶಿಲ್ಪಗಳನ್ನು ಇಡಲೆಂದೇ ಈ ತೋಟ ಮಾಡಿಸಿದ. ಒಂದು ಬದಿಯ ಬಿಸಿಲುಗೋಡೆಯ ಗೂಡುಗಳಲ್ಲಿ ರೋಮನ್ ಕಾಲದ ಪ್ರತಿಮೆ, ಕಂಬ, ಕಲ್ಲುಪೆಟ್ಟಿಗೆಗಳು ಹೂಬಳ್ಳಿಗಳ ನಡುವೆ ನಿಂತಿವೆ. ಎದುರು ಬದಿಯಲ್ಲಿ ನೆರಳು. ಪಾಚಿಗಟ್ಟಿದ ಕಲ್ಲಿನ ಮೇಲೆ ನೀರು ಸದಾ ಜಿನುಗುತ್ತಿರುತ್ತದೆ. ಜೂನ್ ತಿಂಗಳಲ್ಲಿ ಗುಲಾಬಿ ತೋಟದಲ್ಲಿ ಸಾವಿರಾರು ಗಿಡಗಳು ಅರಳಿ ನಿಲ್ಲುತ್ತವೆ. ಈ ನಡಿಗೆಯ ಕೊನೆಗೆ ಕಂಬಸಾಲಿನ ಮಂಟಪ, ಕಾರಂಜಿ, ಅದರಾಚೆ ಸರೋವರ.

ಇಲ್ಲಿ ನಿಂತು ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಬೇಕು. ಪ್ರತಿಮೆ ಎರಡು ಸಾವಿರ ವರ್ಷ ಹಿಂದಿನದು, ರೋಮಿನದು. ಕೋಟೆ ಮಧ್ಯಯುಗದ್ದು. ತೋಟ, ಸರೋವರ, ‘ಹಳ್ಳಿ’ 20ನೇ ಶತಮಾನದವು. ಆ್ಯನ್ ಬೊಲಿನ್ ಗುಲಾಬಿ ತೋಟವನ್ನೂ ಸರೋವರವನ್ನೂ ಕಂಡವಳೇ ಅಲ್ಲ. ಹಾಗೆಂದು ಆಸ್ಟರ್‌ನನ್ನು ಹಳಿಯುವುದೂ ಸರಿಯಲ್ಲ. ಅವನು ಹಣ ಸುರಿಯದಿದ್ದರೆ ಇಂದು ನೋಡಲು ಏನು ಉಳಿಯುತ್ತಿತ್ತೋ! ಹಳೆಯದನ್ನು ಉಳಿಸುವವರು ಅದಕ್ಕೆ ತಮ್ಮ ಕನಸನ್ನೂ ಸೇರಿಸಿಬಿಡುತ್ತಾರೆ. ಯಾವುದು ಮೂಲ, ಯಾವುದು ಸೇರಿಸಿದ್ದು ಎಂದು ಬೇರೆ ಮಾಡಿ ನೋಡುವುದು ನೋಡುಗನ ಕೆಲಸ.

1968ರಲ್ಲಿ ಈಡನ್ ನದಿ ಉಕ್ಕಿ ಕೋಟೆಯೊಳಗೇ ನೀರು ನುಗ್ಗಿತು. ಕಾವಲಿಗೆ ನಿಲ್ಲಿಸಿದ ನೀರೇ ಹೊಸ್ತಿಲು ದಾಟಿ ಬಂದಂತಾಯಿತು. 1983ರಲ್ಲಿ ಆಸ್ಟರ್ ಕುಟುಂಬ ಕೋಟೆಯನ್ನು ಖಾಸಗಿ ಕಂಪನಿಯೊಂದಕ್ಕೆ ಮಾರಿತು. ನೀರನ್ನೇ ಬಳಸಿ ಮಾಡಿದ ಇನ್ನೊಂದು ಚಕ್ರವ್ಯೂಹ 1999ರಲ್ಲಿ ಸೇರಿಕೊಂಡಿತು. ಕಲ್ಲುದಾರಿಯಲ್ಲಿ ತಪ್ಪು ಕಲ್ಲನ್ನು ತುಳಿದರೆ ನೀರು ಚಿಮ್ಮಿ ತೋಯಿಸುತ್ತದೆ. ಮಕ್ಕಳಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹೋಗುವವರಿಗೆ

ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ಅಕ್‌ಫೀಲ್ಡ್ ಮಾರ್ಗದ ರೈಲಿನಲ್ಲಿ ಹೀವರ್ ನಿಲ್ದಾಣಕ್ಕೆ ಹೋಗಬಹುದು. ಅಲ್ಲಿಂದ ಸುಮಾರು ಒಂದು ಮೈಲಿ ನಡಿಗೆ. ಅದು ಪುಟ್ಟ ನಿಲ್ದಾಣ. ಇಳಿದೊಡನೆ ಟ್ಯಾಕ್ಸಿ ಸಿಗುತ್ತದೆಂದು ನಂಬಬೇಡಿ. ನಡೆಯಲಾರದ ಹಿರಿಯರಿದ್ದರೆ ಈಡನ್‌ಬ್ರಿಡ್ಜ್ ಊರಿನಲ್ಲಿ ಇಳಿದು ಟ್ಯಾಕ್ಸಿ ಮಾಡಿಕೊಳ್ಳುವುದು ಮೇಲು. ಬಾಗಿಲು ತೆರೆಯುವ ದಿನ, ವೇಳೆ ಋತುವಿನಂತೆ ಬದಲಾಗುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. ಕೋಟೆಯೊಳಗೆ ಸುರುಳಿ ಮೆಟ್ಟಿಲುಗಳು ಕಿರಿದು. ಮಂಡಿನೋವಿನವರು ತೋಟದಲ್ಲಿಯೇ ದಿನ ಕಳೆಯಬಹುದು, ನಷ್ಟವೇನಿಲ್ಲ. ಬುತ್ತಿ ಒಯ್ದು ಹುಲ್ಲಿನ ಮೇಲೆ ಕುಳಿತು ತಿನ್ನಲು ಅಡ್ಡಿಯಿಲ್ಲ. ಬೇಸಿಗೆಯಾದರೂ ಕೊಡೆ ಕೈಯಲ್ಲಿರಲಿ.

ಮಕ್ಕಳಿಗೆ ಒಂದು ನೋಟುಪುಸ್ತಕ ಕೊಡಿ. ಪುಟವನ್ನು ಮೂರು ಪಾಲು ಮಾಡಲಿ: ಕೋಟೆ ಕಟ್ಟಿದವರ ಕಾಲ, ಬೊಲಿನ್‌ರ ಕಾಲ, ಆಸ್ಟರ್‌ನ ಕಾಲ. ಕಂಡ ಒಂದೊಂದು ವಸ್ತುವನ್ನೂ ಯಾವ ಪಾಲಿಗೆ ಸೇರಿಸಬೇಕೆಂದು ತಾವೇ ತೀರ್ಮಾನಿಸಿ ಬರೆಯಲಿ. ತಪ್ಪಾದರೆ ಆಗಲಿ, ಆಮೇಲೆ ಪುಸ್ತಕ ತೆಗೆದು ತಾಳೆ ನೋಡಬಹುದು. ಇಸವಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದೊಡನೆ ಮರೆಯುವ ಹುಡುಗ ಕೂಡ, ಅಡಿಗೆಮನೆಯೊಂದು ಹಜಾರವಾದ ಕಥೆಯನ್ನು ಮರೆಯುವುದಿಲ್ಲ. ಈ ಅಭ್ಯಾಸಕ್ಕೆ ಇಂಗ್ಲೆಂಡಿಗೇ ಹೋಗಬೇಕೆಂದಿಲ್ಲ. ನಿಮ್ಮ ಊರಿನ ಹತ್ತಿರ ಒಂದು ಹಳೆಯ ಗೋಡೆಯಿದ್ದರೆ, ಬರುವ ಭಾನುವಾರ ಅಲ್ಲಿಂದಲೇ ಶುರುಮಾಡಬಹುದು.